ಯಾವುದರ ಪಾಲು? ಒಂದರ ಮೇಲೊಂದು ಬಿದ್ದ ಆಕೃತಿಗಳ ಲೆಕ್ಕ

(ಪುಣೆಯ ನಮ್ಮ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಸಭೆಗಳಲ್ಲಿ ಆರೋಗ್ಯದ ಮಾತು ಆಗಿದೆ, ಹಬ್ಬದ ಅಡುಗೆಯ ಮಾತು ಆಗಿದೆ, ಉಳಿತಾಯದ ಮಾತೂ ಆಗಿದೆ. ಈ ಸಲ ಗಣಿತ ಎಂದು ಗೊತ್ತಾದಾಗ ಕೆಲವರು ಮುಖ ಸಣ್ಣದು ಮಾಡಿಕೊಂಡದ್ದು ನನಗೆ ಕಾಣಿಸಿತು. ಹೆದರಬೇಡಿ. ಸೂತ್ರಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ನಿಮ್ಮ ಕುರ್ಚಿಯ ಮೇಲೆ ಎರಡೆರಡು ಬಣ್ಣದ ಕಾಗದ ಇಟ್ಟಿದ್ದೇವೆ, ಒಂದು ಕೆಂಪು, ಒಂದು ಹಳದಿ. ಇವತ್ತಿನ ಪಾಠಕ್ಕೆ ಅಷ್ಟೇ ಸಾಮಗ್ರಿ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಹೇಳುತ್ತೇನೆ. ಮಕ್ಕಳಿಗೆ ಗಣಿತ ಹೇಳಿಕೊಡುವವಳು ನಾನು. ನಮ್ಮವರ ಮನೆಗಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ನೋಡುತ್ತೇನೆ. ಆರನೇ, ಏಳನೇ ತರಗತಿಯವರೆಗೆ ಅಮ್ಮ ಮಗುವಿನ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸುತ್ತಾಳೆ. ಆಮೇಲೆ ಒಂದು ದಿನ "ಇದು ನನಗೆ ಬರಲ್ಲಪ್ಪ, ಅಪ್ಪನ್ನ ಕೇಳು" ಅನ್ನುತ್ತಾಳೆ. ಇಲ್ಲವೇ ಟ್ಯೂಷನ್‌ಗೆ ಹಾಕುತ್ತಾಳೆ. ಆ ಮಗು ಹುಡುಗಿಯಾದರೆ ಅದರ ಕಿವಿಗೆ ಬೀಳುವುದು ಇನ್ನೊಂದು ಮಾತು: "ಅಮ್ಮನಿಗೆ ಬರಲ್ಲ, ಹಾಗಾದರೆ ನನಗೂ ಬರದಿದ್ದರೆ ನಡೆಯುತ್ತೆ." ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೂ ಅದು ಕೇಳಿಸಿಬಿಡುತ್ತದೆ.

ನಮ್ಮಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ಮಕ್ಕಳು ಇಲ್ಲಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಓದುತ್ತಾರೆ. ನಾವು ಅನುಪಾತ ಅಂದದ್ದು ಅವರಿಗೆ ರೇಷಿಯೋ, ಮರಾಠಿ ಪುಸ್ತಕದಲ್ಲಿ ಗುಣೋತ್ತರ. ನಮಗೆ ಗುಣೋತ್ತರ ಎಂದರೆ ಶ್ರೇಢಿ ನೆನಪಾಗುತ್ತದೆ, ಅಲ್ಲಿಗೆ ತಲೆ ಕೆಟ್ಟುಹೋಗುತ್ತದೆ. ನಮ್ಮ ವಿಸ್ತೀರ್ಣ ಅವರ ಕ್ಷೇತ್ರಫಳ, ನಮ್ಮ ಲ.ಸಾ.ಅ. ಅವರ ಲಸಾವಿ. ಮಾತು ಬೇರೆಯಾಯಿತು, ಲೆಕ್ಕ ಬೇರೆಯಾಗಲಿಲ್ಲ. ಮಹಾರಾಷ್ಟ್ರದಲ್ಲಿ 2018ರಲ್ಲಿ ಬಂದ ಹತ್ತನೇ ತರಗತಿಯ ಗಣಿತ ಪುಸ್ತಕದ ಎರಡನೇ ಭಾಗ ತೆಗೆದು ನೋಡಿ. ಮೊದಲ ಪಾಠ ಸಮರೂಪತೆ. ಅದು ಶುರುವಾಗುವುದೇ ಎರಡು ತ್ರಿಭುಜಗಳ ವಿಸ್ತೀರ್ಣಗಳ ಅನುಪಾತದಿಂದ. ಅಂದರೆ ಮಗು ಹತ್ತನೇ ತರಗತಿಯ ಬಾಗಿಲು ದಾಟುವ ಹೊತ್ತಿಗೇ ಇವತ್ತಿನ ವಿಷಯ ಎದುರಾಗುತ್ತದೆ.

ಈಗ ಕಾಗದ ಕೈಗೆ ತೆಗೆದುಕೊಳ್ಳಿ. ಕೆಂಪು ಕಾಗದವನ್ನು ಹಳದಿಯ ಮೇಲೆ ಸ್ವಲ್ಪ ಬೀಳುವ ಹಾಗೆ ಇಡಿ. ಎರಡೂ ಸೇರಿರುವ ಜಾಗವನ್ನು ಬೆರಳಿನಿಂದ ಮುಟ್ಟಿ. ಆ ತುಂಡು ಯಾರದು? ಕೆಂಪಿನದೂ ಹೌದು, ಹಳದಿಯದೂ ಹೌದು. ಆದರೆ ತುಂಡು ಒಂದೇ. ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಇಷ್ಟರಲ್ಲೇ ಇದೆ. ಉಳಿದದ್ದು ಬರೀ ಅಭ್ಯಾಸ.

ಮೊದಲ ಲೆಕ್ಕ. ಎರಡೂ ಸೇರಿರುವ ತುಂಡು ಕೆಂಪು ಕಾಗದದ ಮೂರನೇ ಒಂದು ಭಾಗ, ಹಳದಿ ಕಾಗದದ ಐದನೇ ಒಂದು ಭಾಗ. ಹಾಗಾದರೆ ಕೆಂಪು ಮತ್ತು ಹಳದಿಯ ವಿಸ್ತೀರ್ಣಗಳ ಅನುಪಾತ ಎಷ್ಟು?

ಮಕ್ಕಳಲ್ಲಿ ಹೆಚ್ಚಿನವರು ಮೂರನೇ ಒಂದು, ಐದನೇ ಒಂದು ಎಂದು ಪಕ್ಕಪಕ್ಕದಲ್ಲಿ ಬರೆದು, ಅಡ್ಡ ಗುಣಿಸಿ, 5:3 ಅನ್ನುತ್ತಾರೆ. ಅದು ತಲೆಕೆಳಗಾದ ಉತ್ತರ. ಅವರನ್ನು ಬೈಯಬೇಡಿ, ಒಂದೇ ಪ್ರಶ್ನೆ ಕೇಳಿ: "ಯಾವುದರ ಮೂರನೇ ಒಂದು, ಪುಟ್ಟಾ?" ಕೆಂಪಿನದು. ಸೇರಿದ ತುಂಡನ್ನು 1 ಪಾಲು ಅನ್ನೋಣ. ಅಂಥ ಮೂರು ಪಾಲು ಸೇರಿದರೆ ಕೆಂಪು. ಅಂಥ ಐದು ಪಾಲು ಸೇರಿದರೆ ಹಳದಿ. ಕೆಂಪು 3, ಹಳದಿ 5, ಅನುಪಾತ 3:5. ಒಂದೇ ತುಂಡು ಯಾರ ಮನೆಯಲ್ಲಿ ಚಿಕ್ಕ ಪಾಲಾಗಿ ಕಾಣುತ್ತದೋ ಅವರ ಮನೆಯೇ ದೊಡ್ಡದು. ಒಂದೇ ಸೇರು ಅಕ್ಕಿ ನಾಲ್ಕು ಜನರ ಮನೆಗೆ ಎರಡು ದಿನ ಬರುತ್ತದೆ, ಎಂಟು ಜನರ ಮನೆಗೆ ಒಂದೇ ದಿನ ಅಲ್ಲವೇ, ಹಾಗೆ.

ಅದೇ ಚಿತ್ರದಲ್ಲಿ ಇನ್ನೊಂದು ಪ್ರಶ್ನೆ. ಎರಡೂ ಕಾಗದ ಸೇರಿ ಮೇಜಿನ ಮೇಲೆ ಎಷ್ಟು ಜಾಗ ಮುಚ್ಚಿವೆ? 3 ಕೂಡಿಸು 5, ಎಂಟು ಅನ್ನುವುದು ಬೇಡ. ಸೇರಿದ ತುಂಡನ್ನು ಕೆಂಪಿನಲ್ಲಿ ಒಮ್ಮೆ, ಹಳದಿಯಲ್ಲಿ ಒಮ್ಮೆ, ಹೀಗೆ ಎರಡು ಸಲ ಎಣಿಸಿದ್ದೇವೆ. ಒಂದು ಸಲದ್ದನ್ನು ಕಳೆಯಬೇಕು. 8ರಲ್ಲಿ 1 ಕಳೆದರೆ 7. ಸೇರಿದ ಭಾಗಕ್ಕೂ ಒಟ್ಟು ಮುಚ್ಚಿದ ಜಾಗಕ್ಕೂ ಇರುವ ಅನುಪಾತ 1:7.

ಪರೀಕ್ಷೆಯಲ್ಲಿ ಇದನ್ನು ಸ್ವಲ್ಪ ಬಿಗಿ ಮಾಡುತ್ತಾರೆ. ಸೇರಿದ ತುಂಡು ಒಂದರ ಐದರಲ್ಲಿ ಎರಡು ಪಾಲು, ಇನ್ನೊಂದರ ಏಳರಲ್ಲಿ ಮೂರು ಪಾಲು ಎಂದು ಕೊಡುತ್ತಾರೆ. ಒಂದು ಕಡೆಯಿಂದ ನೋಡಿದರೆ ಆ ತುಂಡು 2, ಇನ್ನೊಂದು ಕಡೆಯಿಂದ ನೋಡಿದರೆ 3. ಒಂದೇ ತುಂಡಿಗೆ ಎರಡು ಅಳತೆ ಇರಲು ಸಾಧ್ಯವಿಲ್ಲ. ಹಾಗಾಗಿ ಇಬ್ಬರಿಗೂ ಒಪ್ಪುವ ಅಳತೆ ಹುಡುಕಬೇಕು. 2 ಮತ್ತು 3ರ ಲ.ಸಾ.ಅ. 6. ತುಂಡನ್ನು 6 ಅನ್ನಿ. ಮೊದಲನೆಯದರಲ್ಲಿ ಎರಡು ಪಾಲು 6 ಆದರೆ ಒಂದು ಪಾಲು 3, ಐದು ಪಾಲು 15. ಎರಡನೆಯದರಲ್ಲಿ ಮೂರು ಪಾಲು 6 ಆದರೆ ಒಂದು ಪಾಲು 2, ಏಳು ಪಾಲು 14. ಅನುಪಾತ 15:14. ಒಟ್ಟು ಮುಚ್ಚಿದ ಜಾಗ 15 ಕೂಡಿಸು 14, ಅದರಲ್ಲಿ 6 ಕಳೆದರೆ 23. ಇದರಲ್ಲಿ ಎಕ್ಸ್ ಬರಲಿಲ್ಲ, ವೈ ಬರಲಿಲ್ಲ. ಕಾಗದಗಳ ಆಕಾರವನ್ನೂ ನಾವು ಕೇಳಲಿಲ್ಲ. ಒಂದು ವೃತ್ತ, ಒಂದು ತ್ರಿಭುಜ ಆಗಿದ್ದರೂ ಲೆಕ್ಕ ಇದೇ.

ಇನ್ನು ಕೆಲವು ಸಲ ಸೇರಿದ ಭಾಗ ಎಷ್ಟು ಎಂದು ಹೇಳುವುದೇ ಇಲ್ಲ, ನಾವೇ ಕಂಡುಹಿಡಿಯಬೇಕು. ಅದಕ್ಕೊಂದು ಚೆಂದದ ಉದಾಹರಣೆ ಇದೆ. ಒಂದೇ ಅಳತೆಯ ಎರಡು ಚೌಕಗಳು, ಬಾಹು 10 ಸೆಂಟಿಮೀಟರ್. ಮೇಲಿನ ಚೌಕದ ಒಂದು ಮೂಲೆ ಕೆಳಗಿನ ಚೌಕದ ನಟ್ಟನಡುವೆ ಕೂತಿದೆ. ಮೇಲಿನದು ಸ್ವಲ್ಪ ಓರೆಯಾಗಿ ತಿರುಗಿದೆ, ಎಷ್ಟು ಕೋನ ಎಂದು ಕೊಟ್ಟಿಲ್ಲ. ಸೇರಿದ ಭಾಗದ ವಿಸ್ತೀರ್ಣ ಎಷ್ಟು?

ಕೋನ ಕೊಡದೆ ಹೇಗೆ ಎಂದು ಮಕ್ಕಳು ಪೆನ್ನು ಕೆಳಗಿಡುತ್ತಾರೆ. ನೀವು ಮೈಸೂರು ಪಾಕಿನ ತಟ್ಟೆ ನೆನಪಿಸಿಕೊಳ್ಳಿ. ಚೌಕದ ತಟ್ಟೆ. ನಡುವಿನ ಬಿಂದುವಿನ ಮೂಲಕ ಚಾಕುವಿನಿಂದ ಒಂದು ಗೆರೆ ಎಳೆದು, ಅದಕ್ಕೆ ಲಂಬವಾಗಿ ಇನ್ನೊಂದು ಗೆರೆ ಎಳೆಯಿರಿ. ಗೆರೆಗಳು ನೇರವಾಗಿದ್ದರೆ ನಾಲ್ಕು ಪುಟ್ಟ ಚೌಕಗಳು ಬರುತ್ತವೆ. ಓರೆಯಾಗಿ ಎಳೆದರೆ? ತುಂಡುಗಳ ಆಕಾರ ಸೊಟ್ಟಗಾಗುತ್ತದೆ. ಆದರೂ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದರೆ ಒಂದು ತುಂಡು ಸರಿಯಾಗಿ ಇನ್ನೊಂದರ ಜಾಗಕ್ಕೆ ಬಂದು ಕೂರುತ್ತದೆ. ಅಂದರೆ ನಾಲ್ಕೂ ಸಮ. ಯಾವ ಮಗುವೂ ಜಗಳ ಆಡುವ ಹಾಗಿಲ್ಲ. ಮೇಲಿನ ಚೌಕದ ಮೂಲೆ ಲಂಬಕೋನ. ಅದರ ಎರಡು ಅಂಚುಗಳೇ ನಮ್ಮ ಚಾಕುವಿನ ಗೆರೆಗಳು. ಆದ್ದರಿಂದ ಅದು ಹೇಗೆ ತಿರುಗಿದರೂ ಸೇರಿದ ಭಾಗ ಕೆಳಗಿನ ಚೌಕದ ಕಾಲು ಭಾಗವೇ. 100ರಲ್ಲಿ ಕಾಲು, 25 ಚದರ ಸೆಂಟಿಮೀಟರ್. ಒಟ್ಟು ಮುಚ್ಚಿದ ಜಾಗ 175. ಅನುಪಾತ ಮತ್ತೆ 1:7.

ಈಗ ಮನೆಯ ಹಾಲಿಗೆ ಬರೋಣ. ಹಾಲಿನ ಅಳತೆ 12 ಅಡಿ, 10 ಅಡಿ. ಒಟ್ಟು 120 ಚದರ ಅಡಿ. ನಿಮ್ಮ ಹತ್ತಿರ ಎರಡು ಜಮಖಾನ ಇವೆ. ಒಂದು 10 ಅಡಿಗೆ 8 ಅಡಿ, 80 ಚದರ ಅಡಿ. ಇನ್ನೊಂದು 8 ಅಡಿಗೆ 5 ಅಡಿ, 40 ಚದರ ಅಡಿ. ಎರಡರ ಮೊತ್ತ ಹಾಲಿನಷ್ಟೇ. ಪೂಜೆಗೆ ಜನ ಬರುತ್ತಾರೆಂದು ಗಡಿಬಿಡಿಯಲ್ಲಿ ಹಾಸಿದಿರಿ. ಒಂದರ ಅಂಚು ಇನ್ನೊಂದರ ಮೇಲೆ ಬಿತ್ತು, ಒಂದಿಷ್ಟು ನೆಲ ಬರಿದಾಗಿ ಉಳಿಯಿತು. ಜಮಖಾನ ಯಾವುದೂ ಹಾಲಿನಿಂದ ಆಚೆ ಹೋಗಿಲ್ಲ. ಸೇರಿದ ಜಾಗ ಮತ್ತು ಬರಿ ನೆಲ, ಇವೆರಡರ ಅನುಪಾತ ಎಷ್ಟು?

ಹೇಗೆ ಹಾಸಿದಿರಿ ಎಂದು ನಾನು ಹೇಳಲೇ ಇಲ್ಲ. ಹೇಳಬೇಕಾಗಿಯೂ ಇಲ್ಲ. 120 ಚದರ ಅಡಿ ಬಟ್ಟೆಯಲ್ಲಿ 12 ಚದರ ಅಡಿ ಇನ್ನೊಂದು ಬಟ್ಟೆಯ ಮೇಲೆ ಬಿದ್ದಿದ್ದರೆ ನೆಲಕ್ಕೆ ಸಿಕ್ಕಿದ್ದು 108. ಉಳಿದ 12 ಬರಿ ನೆಲ. 20 ಬಿದ್ದಿದ್ದರೆ 20 ಬರಿ ನೆಲ. ಎಷ್ಟು ಜಾಗ ಎರಡು ಸಲ ಮುಚ್ಚಿತೋ ಅಷ್ಟೇ ಜಾಗ ಒಂದು ಸಲವೂ ಮುಚ್ಚಲಿಲ್ಲ. ಅನುಪಾತ ಯಾವಾಗಲೂ 1:1.

ಇದೊಂದು ಗೊತ್ತಿದ್ದರೆ, ನೋಡಿದ ಕೂಡಲೇ ಹೆದರಿಸುವ ಒಂದು ಲೆಕ್ಕ ಪಳಗುತ್ತದೆ. ಒಂದು ಕಾಲು ವೃತ್ತ, ತ್ರಿಜ್ಯ 14 ಸೆಂಟಿಮೀಟರ್. ಅದರ ಎರಡು ನೇರ ಅಂಚುಗಳ ಮೇಲೆ, ಆ ಅಂಚುಗಳೇ ವ್ಯಾಸವಾಗುವಂತೆ, ಒಳಮುಖವಾಗಿ ಎರಡು ಅರ್ಧವೃತ್ತ ಬರೆದಿದ್ದಾರೆ. ಅವೆರಡು ಸೇರುವಲ್ಲಿ ಹೂವಿನ ಎಸಳಿನಂಥ ಆಕಾರ ಬಂದಿದೆ. ಹೊರಗಿನ ಕಮಾನಿನ ಹತ್ತಿರ ಎರಡರಿಂದಲೂ ಮುಚ್ಚದ ಒಂದು ಜಾಗ ಉಳಿದಿದೆ. ಎಸಳಿಗೂ ಆ ಉಳಿದ ಜಾಗಕ್ಕೂ ಅನುಪಾತ ಹೇಳಿ.

ಕಾಲು ವೃತ್ತವೇ ನಮ್ಮ ಹಾಲು, ಅರ್ಧವೃತ್ತಗಳೇ ಜಮಖಾನಗಳು. ಪೈಯನ್ನು 22/7 ಎಂದು ಹಿಡಿದರೆ ಕಾಲು ವೃತ್ತದ ವಿಸ್ತೀರ್ಣ 154. ಅರ್ಧವೃತ್ತದ ತ್ರಿಜ್ಯ 7, ಅದರ ವಿಸ್ತೀರ್ಣ 77. ಎರಡು ಸೇರಿ 154. ಬಟ್ಟೆ ನೆಲದಷ್ಟೇ ಇದೆ! ಹಾಗಾದರೆ ಎಸಳು ಎಷ್ಟೋ ಬರಿ ಜಾಗವೂ ಅಷ್ಟೇ, 1:1. ಎಸಳಿನ ಅಳತೆಯೇ ಬೇಕೆಂದರೆ ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿ. ಒಂದೊಂದು ಸೀಳೂ 7 ತ್ರಿಜ್ಯದ ಕಾಲು ವೃತ್ತದಿಂದ ಒಂದು ತ್ರಿಭುಜ ತೆಗೆದಾಗ ಉಳಿಯುವ ಭಾಗ. 38.5ರಲ್ಲಿ 24.5 ಕಳೆದರೆ 14. ಎರಡು ಸೀಳು ಸೇರಿ 28. ಎಸಳಿಗೂ ಇಡೀ ಕಾಲು ವೃತ್ತಕ್ಕೂ 28:154, ಅಂದರೆ 2:11.

ಇನ್ನೊಂದೇ ಒಂದು, ಪಠ್ಯಪುಸ್ತಕದಲ್ಲಿ ತಪ್ಪದೆ ಬರುವಂಥದ್ದು. ತ್ರಾಪಿಜ್ಯ ನೆನಪಿದೆಯೇ? ಮೇಲಿನ ಬಾಹು ಚಿಕ್ಕದು, ಕೆಳಗಿನದು ಉದ್ದ, ಎರಡೂ ಸಮಾಂತರ. ಎರಡು ಕರ್ಣಗಳನ್ನು ಎಳೆಯಿರಿ. ಈಗ ಕೆಳಗಿನ ಬಾಹುವಿನ ಮೇಲೆ ಎರಡು ದೊಡ್ಡ ತ್ರಿಭುಜಗಳು ನಿಂತಿವೆ. ಒಂದರ ತುದಿ ಮೇಲೆ ಎಡಕ್ಕೆ, ಇನ್ನೊಂದರದು ಮೇಲೆ ಬಲಕ್ಕೆ. ಪಾದ ಒಂದೇ, ಎತ್ತರ ಒಂದೇ, ಆದ್ದರಿಂದ ವಿಸ್ತೀರ್ಣವೂ ಒಂದೇ. ಇಬ್ಬರೂ ಕೆಳಗಿನ ತುಂಡನ್ನು ಹಂಚಿಕೊಂಡಿದ್ದಾರೆ. ಸಮ ಇರುವ ಎರಡರಿಂದ ಒಂದೇ ತುಂಡನ್ನು ತೆಗೆದರೆ ಉಳಿಯುವುದೂ ಸಮ. ಅದಕ್ಕೇ ಎಡ, ಬಲದ ಕಿವಿಗಳಂಥ ತ್ರಿಭುಜಗಳು ಯಾವಾಗಲೂ ಒಂದೇ ವಿಸ್ತೀರ್ಣದವು, ನೋಡಲು ಬೇರೆ ಬೇರೆ ಇದ್ದರೂ ಸರಿ.

ಸಮಾಂತರ ಬಾಹುಗಳ ಅನುಪಾತ 2:3 ಎಂದುಕೊಳ್ಳಿ. ಮೇಲಿನ ತುಂಡೂ ಕೆಳಗಿನ ತುಂಡೂ ಸಮರೂಪ. ಬಾಹು 2:3 ಆದರೆ ವಿಸ್ತೀರ್ಣ 4:9. ಕರ್ಣಗಳು ಒಂದನ್ನೊಂದು 2:3ರಲ್ಲೇ ಕತ್ತರಿಸುತ್ತವೆ. ಹಾಗಾಗಿ ಒಂದು ಕಿವಿಗೂ ಕೆಳಗಿನ ತುಂಡಿಗೂ 2:3. ಕೆಳಗಿನದು 9 ಆದರೆ ಕಿವಿ 6. ನಾಲ್ಕು ತುಂಡುಗಳು 4, 6, 6, 9. ಒಟ್ಟು 25. ದೊಡ್ಡ ತ್ರಿಭುಜ ಒಂದೊಂದೂ 15, ಅದರಲ್ಲಿ ಹಂಚಿಕೊಂಡದ್ದು 9, ಅಂದರೆ ಐದರಲ್ಲಿ ಮೂರು ಪಾಲು.

ಇಂಥ ಲೆಕ್ಕ ಎಲ್ಲಿಂದಲೋ ಬಂದದ್ದು, ನಮ್ಮದಲ್ಲ ಎಂಬ ಭಾವನೆ ಇದ್ದರೆ ಅದನ್ನು ಬಿಡೋಣ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದ ಆ ಗ್ರಂಥದ ಆರಂಭದಲ್ಲೇ ಅಮೋಘವರ್ಷನ ಹೊಗಳಿಕೆ ಇದೆ. ಕ್ಷೇತ್ರಗಣಿತದ ಅಧ್ಯಾಯದಲ್ಲಿ, ಒಂದನ್ನೊಂದು ಮುಟ್ಟುವ ವೃತ್ತಗಳ ನಡುವೆ ಉಳಿಯುವ ಜಾಗದ ವಿಸ್ತೀರ್ಣ ಕಂಡುಹಿಡಿಯುವ ಬಗೆ ಹೇಳಿದ್ದಾನೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಲ್ಲಿ ಹೊರತಂದರು. 12ನೇ ಶತಮಾನದ ರಾಜಾದಿತ್ಯನಂತೂ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಪೇಟೆಯ ಲೆಕ್ಕ, ಹೊಲದ ಲೆಕ್ಕ ಕನ್ನಡದ ಬಾಯಲ್ಲಿ ಆಗಲೇ ಇತ್ತು. ನಮ್ಮ ಮನೆಯ ಊಟದ ಮೇಜಿನ ಮೇಲೆ ಅದು ಕನ್ನಡದಲ್ಲಿ ನಡೆದರೆ ತಪ್ಪೇನೂ ಇಲ್ಲ.

ಇದೆಲ್ಲ ಪರೀಕ್ಷೆಗೆ ಸರಿ, ನಮಗೇನು ಉಪಯೋಗ ಎಂದು ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಒಂದು ಸಂಘ ಇದೆ ಎಂದುಕೊಳ್ಳಿ. ಮಹಿಳಾ ವೇದಿಕೆ, ಭಜನಾ ಮಂಡಳಿ ಎರಡೂ ಇವೆ. ವೇದಿಕೆಯ ಕಾಲು ಭಾಗದಷ್ಟು ಸದಸ್ಯೆಯರು ಮಂಡಳಿಯಲ್ಲೂ ಇದ್ದಾರೆ. ಮಂಡಳಿಯ ಕಡೆಯಿಂದ ನೋಡಿದರೆ ಅವರೇ ಮೂರರಲ್ಲಿ ಎರಡು ಪಾಲು. ಎರಡೂ ಕಡೆ ಇರುವವರನ್ನು 2 ಪಾಲು ಅನ್ನಿ. ಆಗ ವೇದಿಕೆ 8, ಮಂಡಳಿ 3. ಒಟ್ಟು 8 ಕೂಡಿಸು 3, ಕಳೆ 2, ಅಂದರೆ 9 ಪಾಲು. ಎಲ್ಲ ಸೇರಿ 36 ಜನ ಎಂದಾದರೆ ಒಂದು ಪಾಲು 4 ಜನ. ವೇದಿಕೆಯಲ್ಲಿ 32, ಮಂಡಳಿಯಲ್ಲಿ 12, ಎರಡರಲ್ಲೂ 8. ಸಂಕ್ರಾಂತಿಯ ಕಾರ್ಯಕ್ರಮಕ್ಕೆ ಎರಡೂ ಪಟ್ಟಿ ಕೂಡಿಸಿ 44 ತಟ್ಟೆ ತಿಂಡಿ ಹೇಳಿದರೆ 8 ತಟ್ಟೆ ಮಿಗುತ್ತದೆ. ಖಜಾಂಚಿಯವರು ನಗುತ್ತಿದ್ದಾರೆ, ಅವರಿಗೆ ಅರ್ಥವಾಗಿದೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಪತ್ರಿಕೆಯಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ದಿನವೂ "ಅರ್ಧ ಮಂದಿ", "ಶೇಕಡಾ ಇಷ್ಟು" ಎಂದು ಕೇಳುತ್ತೇವೆ. ಬಸ್ಸಿನಲ್ಲಿ ಹೋಗುವವರಲ್ಲಿ ಅರ್ಧ ಮಂದಿ ಹೆಂಗಸರು ಎಂಬ ಮಾತು ಬೇರೆ. ಹೆಂಗಸರಲ್ಲಿ ಅರ್ಧ ಮಂದಿ ಬಸ್ಸಿನಲ್ಲಿ ಹೋಗುತ್ತಾರೆ ಎಂಬ ಮಾತು ಬೇರೆ. ಬಸ್ಸಿನಲ್ಲಿ ಹೋಗುವ ಹೆಂಗಸರು ಎಂಬ ಸೇರಿದ ತುಂಡು ಎರಡರಲ್ಲೂ ಒಂದೇ, ಆದರೆ ಅದನ್ನು ಬೇರೆ ಬೇರೆ ಇಡಿಗಳಿಗೆ ಹೋಲಿಸಿದ್ದಾರೆ. ಒಂದನ್ನು ಹೇಳಿ ಇನ್ನೊಂದನ್ನು ನಂಬಿಸುವವರು ಬಹಳ ಜನ ಇದ್ದಾರೆ. ಸಾಲದ ರಿಯಾಯಿತಿಯ ಜಾಹೀರಾತಿರಲಿ, ಔಷಧಿಯ ಜಾಹೀರಾತಿರಲಿ, "ಯಾವುದರ ಪಾಲು?" ಎಂದು ಕೇಳುವ ಅಭ್ಯಾಸ ಆದವರನ್ನು ಹಾಗೆ ನಂಬಿಸುವುದು ಕಷ್ಟ. ಎರಡು ಕಾಗದ ಹಿಡಿದು ಮಗಳಿಗೆ ಕಲಿಸಬೇಕಾದದ್ದು ಈ ಅಭ್ಯಾಸವನ್ನೇ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮಗು ಇಂಥ ಲೆಕ್ಕ ತಂದಾಗ ಉತ್ತರ ನಿಮಗೆ ಗೊತ್ತಿರಲೇಬೇಕೆಂದಿಲ್ಲ. ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ಎರಡಕ್ಕೂ ಸೇರಿದ ತುಂಡು ಯಾವುದು, ಬೆರಳಿಟ್ಟು ತೋರಿಸು. ಅದು ಯಾವುದರ ಎಷ್ಟು ಪಾಲು? ಅದನ್ನು ಎರಡು ಸಲ ಎಣಿಸಿದ್ದೀಯಾ? ಈ ಮೂರಕ್ಕೆ ಉತ್ತರ ಹೇಳುವಷ್ಟರಲ್ಲಿ ಲೆಕ್ಕದ ಮುಕ್ಕಾಲು ಭಾಗ ಮಗುವೇ ಮಾಡಿ ಮುಗಿಸಿರುತ್ತದೆ. ನೀವು ಕನ್ನಡದಲ್ಲೇ ಕೇಳಿ, ಅದು ತನ್ನ ಶಾಲೆಯ ಭಾಷೆಯಲ್ಲಿ ಬರೆದುಕೊಳ್ಳಲಿ.

ಮನೆಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಒಂದು ಚೌಕ, ಒಂದು ವೃತ್ತ ಒಂದರ ಮೇಲೊಂದು ಬಿದ್ದಿವೆ. ಸೇರಿದ ಭಾಗ ಚೌಕದ ಎಂಟರಲ್ಲಿ ಮೂರು ಪಾಲು, ವೃತ್ತದ ಮುಕ್ಕಾಲು ಪಾಲು. ಎರಡೂ ಸೇರಿ ಮುಚ್ಚಿದ ಜಾಗ 54 ಚದರ ಸೆಂಟಿಮೀಟರ್. ಚೌಕ ಎಷ್ಟು, ವೃತ್ತ ಎಷ್ಟು? ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಚೌಕ 48, ವೃತ್ತ 24. ದಾರಿಯನ್ನು ಇವತ್ತು ರಾತ್ರಿ ಊಟವಾದ ಮೇಲೆ ಮಕ್ಕಳ ಜೊತೆ ಕೂತು ನೀವೇ ಹುಡುಕಿ. ಮುಂದಿನ ತಿಂಗಳ ಸಭೆಗೆ ಬರುವಾಗ ಮಕ್ಕಳನ್ನೂ ಕರೆತನ್ನಿ, ಅವರ ಬಾಯಿಂದಲೇ ಕೇಳೋಣ.